ಅಳತೆಯ ಆಳು

ನನ್ನ ಪಪ್ಪ ಅಲ್ಫೋನ್ಸ್ ಮಂಗಳೂರಿನ ಸುತ್ತಮುತ್ತ ತೆಗೆದ ಸೇತುವೆ, ಮೋರಿ, ನೀರಿನ ಟಾಂಕಿ, ಧಕ್ಕೆಗಳ ಯಾವ ಫೋಟೋ ಎತ್ತಿಕೊಂಡರೂ ಅದರಲ್ಲಿ ಬೂಬಣ್ಣ ಇದ್ದಾನೆ. ಆದರೆ ಉಗುರಿನಷ್ಟು ಇದ್ದಾನೆ. ಮುಖ ನೋಡಬೇಕೆಂದರೆ ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಇಡಬೇಕು. ಕಂಬ ಎಷ್ಟು ಎತ್ತರ, ಕಮಾನು ಎಷ್ಟು ಅಗಲ ಎಂದು ಮದ್ರಾಸಿನಲ್ಲಿ ಫ್ಯಾನಿನ ಕೆಳಗೆ ಕುಳಿತ ಇಂಗ್ಲಿಷ್ ದೊರೆಗಳಿಗೆ ಅಂದಾಜು ಸಿಗಬೇಕಾದರೆ ಪಕ್ಕದಲ್ಲಿ ಒಬ್ಬ ಮನುಷ್ಯ ನಿಲ್ಲಬೇಕು. ಆ ಮನುಷ್ಯ ಬೂಬಣ್ಣ. ದೊರೆಗಳ ಬಾಯಲ್ಲಿ ಅವನಿಗೆ ಹೆಸರೇ ಇರಲಿಲ್ಲ. ಕೆಲಸದವರು ಅವನನ್ನು ಅಳತೆಯ ಆಳು ಎನ್ನುತ್ತಿದ್ದರು. ನಮ್ಮ ಕಡೆ ಬಾವಿಯ ಆಳ ಹೇಳುವುದೂ ಆಳಿನ ಲೆಕ್ಕದಲ್ಲೇ ತಾನೆ, ಎರಡಾಳು ನೀರು, ಮೂರಾಳು ಗುಂಡಿ ಎಂದು. ಆ ಒಂದು ಮಾತು ಅವನ ಹೆಂಡತಿ ಸುಂದರಿಯಕ್ಕನ ನಿದ್ದೆ ಕೆಡಿಸಿದ ಕತೆಯನ್ನು ಆಮೇಲೆ ಹೇಳುತ್ತೇನೆ.

ಬೂಬಣ್ಣ ಹುಟ್ಟಿದ್ದು ಬೊಕ್ಕಪಟ್ಣದ ಮೊಗವೀರರ ಮನೆಯಲ್ಲಿ. ಅಪ್ಪ, ಚಿಕ್ಕಪ್ಪ, ಅಣ್ಣಂದಿರು ಎಲ್ಲರೂ ಕಡಲಿಗೆ ಹೋಗುವವರು. ಇವನು ಮಾತ್ರ ದೋಣಿ ಹತ್ತಿದರೆ ಸಾಕು, ಅಳಿವೆ ದಾಟುವ ಮೊದಲೇ ಬೆಳಗಿನ ಗಂಜಿಯೆಲ್ಲ ಕಡಲಿಗೆ ಅರ್ಪಣೆ. ಮೀನಿಗೆ ಅನ್ನ ಹಾಕಲಿಕ್ಕೆ ಹೋಗಿದ್ದಾ ಎಂದು ಊರಿಡೀ ಗೇಲಿ ಮಾಡಿತು. ಪಾಪ, ಮಾನ ಹೋದ ಬೂಬಣ್ಣ ಹೊಳೆಯ ಅಂಚಿನಲ್ಲಿ ಬೀಸುಬಲೆ ಹಿಡಿದು ನಿಲ್ಲತೊಡಗಿದ. ಅಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮೀನು ಹತ್ತಿರ ಬರಬೇಕಾದರೆ ನಿಂತವನು ಮನುಷ್ಯನಂತೆ ಕಾಣಬಾರದು. ಉಬ್ಬರದ ನೀರು ಮೊಣಕಾಲು ದಾಟಿ ಸೊಂಟಕ್ಕೆ ಏರಿದರೂ ಅವನು ಅಲುಗುತ್ತಿರಲಿಲ್ಲ. ಕೊಕ್ಕರೆಗಳು ಅವನನ್ನು ಗೂಟವೆಂದು ತಿಳಿದು ಪಕ್ಕದಲ್ಲೇ ಬಂದು ನಿಲ್ಲುತ್ತಿದ್ದವು. ಮೀನಿಲ್ಲದ ಕಾಲದಲ್ಲಿ ಕೂಲಿಗೆ ಹೋಗುತ್ತಿದ್ದ. ಪಪ್ಪನ ಕಣ್ಣಿಗೆ ಬಿದ್ದದ್ದೂ ಹಾಗೆ ಕೂಲಿಗೆ ಹೋದಲ್ಲೇ.

ದೇರೆಬೈಲಿನ ಕಡೆ ಒಂದು ಮೋರಿ ಕಟ್ಟಿ ಮುಗಿದಿತ್ತು. ಪಪ್ಪ ಕೆಲಸದವರನ್ನೆಲ್ಲ ಅದರ ಮುಂದೆ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದರು. ಆಗಿನ ಕೆಮರಾಕ್ಕೆ ಮುಚ್ಚಳ ತೆಗೆದು, ಬೆಳಕು ಗಾಜಿನ ಪ್ಲೇಟಿನ ಮೇಲೆ ಬೀಳುವಷ್ಟು ಹೊತ್ತು ಕಾದು, ಮತ್ತೆ ಮುಚ್ಚಬೇಕು. ಪಪ್ಪ ಗಡಿಯಾರ ನೋಡುತ್ತಿರಲಿಲ್ಲ, ಮನಸ್ಸಿನಲ್ಲೇ ನಮಾನ್ ಮೊರಿಯೆ ಪ್ರಾರ್ಥನೆ ಹೇಳುತ್ತಿದ್ದರು. ಒಳ್ಳೆ ಬಿಸಿಲಿದ್ದರೆ ಅರ್ಧ ಪ್ರಾರ್ಥನೆ, ಮೋಡವಿದ್ದರೆ ಎರಡು. ಅಷ್ಟರೊಳಗೆ ಕೆಲಸದವರಲ್ಲಿ ಒಬ್ಬ ಮೂಗು ತುರಿಸಿದ, ಇನ್ನೊಬ್ಬ ಹಿಂದೆ ತಿರುಗಿದ. ಪ್ಲೇಟು ತೊಳೆದು ನೋಡಿದರೆ ಸಾಲಿನಲ್ಲಿದ್ದವರೆಲ್ಲ ತಲೆ ಇಲ್ಲದ ಪ್ರೇತಗಳು. ನಡುವೆ ಒಬ್ಬ ಮಾತ್ರ, ಪಂಚೆಯ ನೆರಿಗೆಯನ್ನೂ ಎಣಿಸುವ ಹಾಗೆ, ಸ್ಪಷ್ಟವಾಗಿ ನಿಂತಿದ್ದ.

"ಈ ಮನುಷ್ಯ ಉಸಿರಾಡ್ತಾನಾ ಇಲ್ವಾ, ನೋಡಿ ಬಾ ಅಂತ ಯಾರನ್ನಾದ್ರೂ ಕಳಿಸ್ಬೇಕು" ಎಂದು ಪಪ್ಪ ಮನೆಯಲ್ಲಿ ಹೇಳಿ ನಕ್ಕದ್ದು ನನಗೆ ನೆನಪಿದೆ.

ಅಂದಿನಿಂದ ಪಪ್ಪ ಹೋದಲ್ಲೆಲ್ಲ ಬೂಬಣ್ಣ. ಪಪ್ಪ ಅವನಿಗೆ ಕಲಿಸಿದ್ದು ಒಂದೇ ಪಾಠ: "ನಾನು ಆಯ್ತು ಅನ್ನುವ ತನಕ ಅಲುಗಬಾರದು. ದಾರಿಯಲ್ಲಿ ಹೋಗುವವರು ತಮಾಷೆಗೆ ಕರೀತಾರೆ, ಬೈತಾರೆ. ಸ್ವಂತ ಹೆಂಡತಿ ಬಂದು ಕರೆದ್ರೂ ಅಲುಗಬಾರದು." ಬೂಬಣ್ಣ ಅದನ್ನು ವ್ರತದ ಹಾಗೆ ಹಿಡಿದ. ಪಪ್ಪ ಮುಚ್ಚಳ ಹಾಕಿ "ಆಯ್ತು" ಎಂದಾಗ ಮೊದಲು ಅವನ ಭುಜ ಕೆಳಗಿಳಿಯುತ್ತಿತ್ತು. ಆಮೇಲೆ ಒಂದು ದೊಡ್ಡ ಉಸಿರು. ಆಮೇಲೆ ಮನುಷ್ಯ ಮತ್ತೆ ಮನುಷ್ಯನಾಗುತ್ತಿದ್ದ.

ಅವನ ಹೆಂಡತಿ ಸುಂದರಿಯಕ್ಕ ಉರ್ವದ ಮಾರ್ಕೆಟಿನಲ್ಲಿ ಮೀನು ಮಾರುತ್ತಿದ್ದಳು. ಮಾತು ಜೋರು, ಎದೆ ಮಾತ್ರ ಪುಕ್ಕಲು. ಫೋಟೋ ತೆಗೆದರೆ ಆಯುಷ್ಯ ಕಡಿಮೆಯಾಗುತ್ತದೆ ಎನ್ನುವ ಕಾಲ ಅದು, ಅವಳ ಗಂಡನೋ ತಿಂಗಳು ತಿಂಗಳೂ ತೆಗೆಸಿಕೊಳ್ಳುವವನು. ಬೂಬಣ್ಣನಿಗೆ ಅವಳನ್ನು ಹೆದರಿಸುವುದೆಂದರೆ ಖುಷಿ. ಊಟ ಮಾಡಿ ಕೈ ತೊಳೆಯದೆ ಗೊಂಬೆಯ ಹಾಗೆ ಕೂತು, "ಆಯ್ತು ಹೇಳು, ಏಳ್ತೇನೆ" ಎನ್ನುತ್ತಿದ್ದ. ಅವಳು ಸೌಟು ಎತ್ತಿದರೂ ಆ ಮಾತು ಮಾತ್ರ ಹೇಳುತ್ತಿರಲಿಲ್ಲ. ಯಾರಾದರೂ ಸತ್ತರೆ ಅವನ ಕತೆ ಆಯ್ತು ಎನ್ನುವುದಿಲ್ಲವೇ? ಅದೇ ಮಾತನ್ನು ಗಂಡನ ಮುಖ ನೋಡಿ ಹೇಳುವುದು ಹೇಗೆ ಎಂದು ಅವಳ ಸಂಕಟ.

ಹೀಗಿರುವಾಗ, ಮೊದಲನೆಯ ಮಹಾಯುದ್ಧ ಮುಗಿದ ಕೆಲವು ವರ್ಷಗಳಿಗೆ, ಊರಿನ ಉತ್ತರಕ್ಕೆ ಹೊಳೆಗೆ ಒಂದು ಸೇತುವೆ ಬಂತು. ಸೇತುವೆಯ ಕಂಬ ಏಳುವ ಮೊದಲು ಅದರ ಬುಡಕ್ಕೆ ಹೊಳೆಯಲ್ಲಿ ಕಲ್ಲಿನ ಬಾವಿ ಕಟ್ಟುತ್ತಾರೆ. ಒಳಗಿನ ಮರಳು ತೆಗೆದ ಹಾಗೆ ಬಾವಿ ತನ್ನ ಭಾರಕ್ಕೆ ತಾನೇ ಕೆಳಗೆ ಇಳಿಯುತ್ತದೆ. ಗಟ್ಟಿ ನೆಲ ಸಿಕ್ಕಿದ ಮೇಲೆ ಅಡಿಯಲ್ಲಿ ಕಾಂಕ್ರೀಟು ತುಂಬಿ ಶಾಶ್ವತವಾಗಿ ಮುಚ್ಚುತ್ತಾರೆ. ದಡದ ಹತ್ತಿರದ ಬಾವಿ ಅರ್ಧಕ್ಕೆ ಬಂದು ಓರೆಯಾಗಿ ನಿಂತುಬಿಟ್ಟಿತು. ಏನು ಮಾಡಿದರೂ ಇಳಿಯಲಿಲ್ಲ. ಅದು ಆಹಾರ, ಅಂದರೆ ನರಬಲಿ, ಕೇಳುತ್ತಿದೆ ಎಂದು ಸುದ್ದಿ ಹುಟ್ಟಿತು. ಸುತ್ತಲಿನ ಮನೆಗಳಲ್ಲಿ ಹಗಲಿನಲ್ಲೂ ಮಕ್ಕಳನ್ನು ಹೊರಗೆ ಬಿಡಲಿಲ್ಲ. ಕೆಲಸದವರು ಒಬ್ಬೊಬ್ಬರೇ ಹೊಳೆಯ ಕಡೆ ಹೋಗುವುದನ್ನು ಬಿಟ್ಟರು. ಗೋಣಿ ಹೊತ್ತ ಅಪರಿಚಿತನೊಬ್ಬ ಕಂಡರೆ ಸಾಕು, ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಕೊನೆಗೆ ಒಂದು ಬದಿಗೆ ಕಲ್ಲು ಹೇರಿ, ಇನ್ನೊಂದು ಬದಿಯ ಮರಳು ಕೆರೆದು, ಹೇಗೋ ಬಾವಿ ನೆಟ್ಟಗೆ ನಿಂತು ಇಳಿಯಿತು. ಇಳಿದದ್ದೇ ತಪ್ಪಾಯಿತು. ಇನ್ನು ಕೊಡಬೇಕಾದದ್ದನ್ನು ಕೊಡಲೇಬೇಕಲ್ಲ ಎಂದು ಜನ ಪಿಸುಗುಟ್ಟಿದರು.

ಅಡಿ ಮುಚ್ಚುವ ಮೊದಲು ಬಾವಿಯ ಒಳಗಿನ ಫೋಟೋ ಬೇಕೆಂದು ಎಂಜಿನಿಯರ್ ದೊರೆ ಹಟ ಹಿಡಿದ. ಪಪ್ಪ ಎಲ್ಲರ ಎದುರಿಗೇ ಗಟ್ಟಿಯಾಗಿ ಹೇಳಿದರಂತೆ: "ಹಾಗಾದ್ರೆ ಬಾವಿಗೆ ಒಂದು ಆಳು ಬೇಕು. ಆಳು ಇಲ್ಲದೆ ಈ ಬಾವಿಯದ್ದು ಆಗ್ಲಿಕ್ಕಿಲ್ಲ."

ಮರುದಿನ ಬೆಳಿಗ್ಗೆ ಆ ಮಾತು ಉರ್ವದ ಮಾರ್ಕೆಟಿಗೆ ಬಂತು. ತಂದವಳು ಸುಂದರಿಯಕ್ಕನ ಪಕ್ಕದಲ್ಲಿ ಬುಟ್ಟಿ ಇಟ್ಟು ಕೂರುವ ದಮಯಂತಿ.

"ಕೇಳಿದ್ಯಾ ಸುಂದರಿ? ಬಾವಿಗೆ ಒಂದು ಆಳು ಬೇಕಂತೆ. ನಿಮ್ಮ ಪೊರ್ಬುಲೇ ದೊರೆಯ ಹತ್ತಿರ ಹೇಳಿದ್ದಂತೆ. ನಮ್ಮ ಜಯ ಅಲ್ಲೇ ಮಣ್ಣು ಹೊರ್ತಿದ್ದ, ಕಿವಿಯಾರೆ ಕೇಳಿದ್ದಾನೆ."

ಕ್ರಿಶ್ಚಿಯನ್ ಗಂಡಸರನ್ನು ನಮ್ಮೂರಿನ ತುಳುವರು ಪೊರ್ಬುಲು ಎಂದೇ ಕರೆಯುವುದು, ಹೆಂಗಸರನ್ನು ಬಾಯಿ ಎಂದು. ನಾನು ಅವರಿಗೆ ನೆಲ್ಲಿ ಬಾಯಿ. ಯಾವ ಪೊರ್ಬುಲು, ಯಾವ ಆಳು ಎಂದು ಸುಂದರಿಯಕ್ಕನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿಂದಿನ ರಾತ್ರಿ ಗಂಡನೇ ಹೆಮ್ಮೆಯಿಂದ, ಬಾವಿಯೊಳಗೆ ಇಳಿಯಲಿಕ್ಕುಂಟು ಎಂದಿದ್ದ. ಅವಳ ಕೈಯಲ್ಲಿದ್ದ ಬಂಗುಡೆ ಅಲ್ಲೇ ಬಿತ್ತು. ವ್ಯಾಪಾರ ಬಿಟ್ಟು ನೇರವಾಗಿ ನಮ್ಮ ಮನೆಗೆ ಬಂದಳು. ಸ್ಟುಡಿಯೋ ಆಗ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ನಾನು ಪ್ಲೇಟು ಒರೆಸುತ್ತಾ ಕೂತಿದ್ದೆ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು, ಬಳೆ ಮರಕ್ಕೆ ತಾಗಿ ಸಣ್ಣಗೆ ಸದ್ದಾಗುತ್ತಿತ್ತು.

"ಪೊರ್ಬುಲೆ, ನಮ್ಮವರನ್ನು ಆ ಬಾವಿಗೆ ಇಳಿಸ್ಬೇಡಿ. ಕಂಬದ ಹತ್ತಿರ ನಿಲ್ಲಿಸಿ, ಬಿಸಿಲಿಗೆ ನಿಲ್ಲಿಸಿ, ನಾನು ಯಾವಾಗಾದ್ರೂ ಬೇಡ ಅಂದಿದ್ದೇನಾ?"

ಪಪ್ಪ ನಕ್ಕರು. "ಎಂತ ಮಾರಾಯ್ತಿ, ನಿನಗೂ ಆ ಹುಚ್ಚು ಸುದ್ದಿ ಮುಟ್ಟಿತಾ? ನಿನ್ನ ಗಂಡ ನನಗೆ ಅಡಿಕೋಲು ಇದ್ದ ಹಾಗೆ. ಅಡಿಕೋಲನ್ನು ಯಾರಾದ್ರೂ ಹೂಳ್ತಾರಾ?"

"ಹೂಳುವುದಿಲ್ಲ. ಕೆಲಸ ಮುಗಿದ ಮೇಲೆ ಅಲ್ಲೇ ಮರೆತು ಬರ್ತಾರೆ."

ಪಪ್ಪನ ನಗು ಸ್ವಲ್ಪ ಸಣ್ಣದಾಯಿತು. "ಅವನು ನಿಲ್ಲುವುದು ನಾನು ಆಯ್ತು ಅನ್ನುವ ತನಕ ಮಾತ್ರ. ಅಂದ ಕೂಡಲೇ ಏಣಿ ಹತ್ತಿ ಬರ್ತಾನೆ."

"ನಿಮ್ಮ ಬಾಯಿಂದ ಆ ಮಾತು ಬಾರದಿದ್ರೆ?"

"ನನ್ನ ಬಾಯಿಗೆ ಎಂತ ಆಗ್ಲಿಕ್ಕುಂಟು?" ಎಂದರು ಪಪ್ಪ.

ನನಗೆ ಇಂದಿಗೂ ಆ ಮಾತು ನೆನಪಾದರೆ ಸಿಟ್ಟು ಬರುತ್ತದೆ. ಪಪ್ಪ ಕೆಟ್ಟವರಲ್ಲ. ಹೆದರುವ ಹೆಂಗಸಿನ ಎದುರು ನಗುವುದೇ ಧೈರ್ಯ ಹೇಳುವ ರೀತಿ ಎಂದು ನಂಬಿದ್ದ ಗಂಡಸರಲ್ಲಿ ಅವರೂ ಒಬ್ಬರು.

ಫೋಟೋ ತೆಗೆಯುವ ದಿನ ಸುಂದರಿಯಕ್ಕ ಖಾಲಿ ಬುಟ್ಟಿ ಹಿಡಿದು ಹೊಳೆಯ ಬದಿಗೆ ಹೋದಳು. ಅಲ್ಲಿ ನಡೆದದ್ದನ್ನು ಅವಳು ನನಗೆ ಎಷ್ಟು ಸಲ ಹೇಳಿದ್ದಾಳೆಂದರೆ ನಾನೇ ಅಲ್ಲಿದ್ದೆ ಎಂದು ಒಮ್ಮೊಮ್ಮೆ ಅನಿಸುತ್ತದೆ. ಸುಡುವ ಮಧ್ಯಾಹ್ನ. ಬಾವಿಯ ಸುತ್ತ ಹಗ್ಗ ಕಟ್ಟಿದ್ದರು, ಹೆಂಗಸರು ಅದನ್ನು ದಾಟುವ ಹಾಗಿರಲಿಲ್ಲ. ಒಂದು ಬದಿಯಲ್ಲಿ ಉಗಿಯ ಪಂಪು ದಡದಡ ಬಡಿಯುತ್ತಾ ಬಾವಿಯ ನೀರನ್ನು ಹೊರಗೆ ಕಕ್ಕುತ್ತಿತ್ತು. ಇನ್ನೊಂದು ಬದಿಯಲ್ಲಿ ಜಲ್ಲಿ, ಮರಳು, ಸಿಮೆಂಟು ರಾಶಿ ಬಿದ್ದಿತ್ತು. ಬುಟ್ಟಿ ಹಿಡಿದ ಆಳುಗಳು ಬಾವಿಯ ಅಂಚಿನಲ್ಲಿ ಸಾಲಾಗಿ ಕಾಯುತ್ತಿದ್ದರು. ಫೋಟೋ ಆದ ಮೇಲೆ ಕಾಂಕ್ರೀಟು ಹಾಕುವವರು ಅವರು. ಆದರೆ ಸುಂದರಿಯಕ್ಕನ ಕಣ್ಣಿಗೆ ಅವರು, ಗುಂಡಿಗೆ ಹಿಡಿಮಣ್ಣು ಹಾಕಲು ಕಾದು ನಿಂತವರ ಹಾಗೆ ಕಂಡರು.

ಬೂಬಣ್ಣ ಏಣಿ ಇಳಿದ. ಇಳಿಯುವ ಮೊದಲು ಅವಳ ಕಡೆ ನೋಡಿ ನಕ್ಕ. ಮೊದಲು ಕಾಲು, ಆಮೇಲೆ ಎದೆ, ಆಮೇಲೆ ತಲೆಯ ಮುಂಡಾಸು ಬಾವಿಯೊಳಗೆ ಮಾಯವಾಯಿತು.

ಪಪ್ಪ ಬಾವಿಯ ಬಾಯಿಗೆ ಅಡ್ಡವಾಗಿ ಹಾಕಿದ ಹಲಗೆಯ ಮೇಲೆ ಕೆಮರಾವನ್ನು ಕೆಳಮುಖ ಮಾಡಿ ಕಟ್ಟಿದ್ದರು. ಬೂಬಣ್ಣನಿಗೆ ಮೊದಲೇ ಹೇಳಿದ್ದರು: ಒಳಗೆ ಕತ್ತಲೆ, ಮೆಗ್ನೀಸಿಯಂ ಪುಡಿ ಹೊತ್ತಿಸುತ್ತೇನೆ, ಹೊತ್ತಿ ಆರಿದ ಮೇಲೂ ಮುಚ್ಚಳ ತೆರೆದೇ ಇರುತ್ತದೆ, ಎಷ್ಟು ಹೊತ್ತಾದರೂ ಮೇಲೆ ನೋಡಿ ನಿಲ್ಲು. ಪಂಪು ಬಡಿದರೆ ಹಲಗೆ ಅದುರುತ್ತದೆ, ಫೋಟೋ ಕೆಡುತ್ತದೆ. ಆದ್ದರಿಂದ ಪಂಪು ನಿಲ್ಲಿಸಲು ಪಪ್ಪ ಕೈ ಎತ್ತಿದರು.

ಪಂಪು ನಿಂತಿತು. ಅಷ್ಟು ಹೊತ್ತು ಕಿವಿ ತುಂಬಿದ್ದ ಸದ್ದು ಹೋದ ಕೂಡಲೇ ಹೊಳೆಯ ನೀರಿನ ಸದ್ದು ಕೇಳಿತು. ಸುಂದರಿಯಕ್ಕ ಹಗ್ಗಕ್ಕೆ ಒತ್ತಿ ನಿಂತಳು. ಆಮೇಲೆ ಬಾವಿಯ ಬಾಯಿಂದ ಬಿಳಿ ಬೆಳಕು ಸಿಡಿಯಿತು.

ಕತ್ತಲೆಗೆ ಹೆದರಿ ಪಪ್ಪ ಪುಡಿ ಜಾಸ್ತಿ ಸುರಿದಿದ್ದರು. ಬೆಂಕಿ ತಟ್ಟೆಯಿಂದ ಅವರ ಮುಖಕ್ಕೇ ಹಾರಿತು. ಹುಬ್ಬು, ಮೀಸೆ, ಬಲಗೈ ಸುಟ್ಟು ಅವರು ಹಿಂದಕ್ಕೆ ಬಿದ್ದರು. ಎಲ್ಲರೂ ಅವರ ಕಡೆ ಓಡಿದರು. ದೊರೆ ಓಡಿದ, ಪಂಪಿನವನು ಓಡಿದ, ಬುಟ್ಟಿ ಹಿಡಿದವರೂ ಬುಟ್ಟಿ ಬಿಸಾಡಿ ಓಡಿದರು. ಯಾರೋ ನೀರು ತಂದರು, ಯಾರೋ ಎಣ್ಣೆ ಎಂದು ಕೂಗಿದರು. ಪಪ್ಪ ಕೆಮ್ಮುತ್ತಿದ್ದರು, ಬಾಯಿ ತೆರೆದರೆ ಮಾತಿನ ಬದಲು ಗೊರಗೊರ ಸದ್ದು ಬರುತ್ತಿತ್ತು. ಬಾವಿಯ ಬಾಯಿಗೆ ಹೊಗೆ ಮುಚ್ಚಳ ಹಾಕಿದ ಹಾಗೆ ನಿಂತಿತ್ತು. ಅದರ ಕೆಳಗೆ ಒಬ್ಬ ಮನುಷ್ಯ ಇದ್ದಾನೆಂದು ಅಲ್ಲಿ ಒಬ್ಬರಿಗೂ ನೆನಪಾಗಲಿಲ್ಲ.

ನೆನಪಿದ್ದವಳು ಹಗ್ಗದ ಆಚೆ ಇದ್ದಳು. ಅವಳು ಹಗ್ಗ ದಾಟಿ ಬಂದು ಬಾವಿಯ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಬಗ್ಗಿ ನೋಡಿದಳು. ಮೊದಲು ಹೊಗೆ ಬಿಟ್ಟು ಏನೂ ಕಾಣಲಿಲ್ಲ. ನೀರು ಮಾತ್ರ ಕೇಳಿತು, ಕೊಡ ತುಂಬುವಾಗ ಆಗುವಂಥ ಸದ್ದು. ಹೊಗೆ ತುಸು ಸರಿದಾಗ ಬೂಬಣ್ಣ ಕಂಡ. ಸೊಂಟದವರೆಗೆ ನೀರು. ತಲೆ ಎತ್ತಿ, ಕಣ್ಣು ತೆರೆದು, ಕೆಮರಾವನ್ನೇ ನೋಡುತ್ತಾ ನಿಂತಿದ್ದ. ನೀರು ಸುಮ್ಮನೆ ಏರುತ್ತಿರಲಿಲ್ಲ, ಅಡಿಯಿಂದ ಮರಳನ್ನೂ ಎಬ್ಬಿಸಿಕೊಂಡು ಬರುತ್ತಿತ್ತು. ಆ ಮರಳು ಅವನ ಕಾಲನ್ನು ಹಿಡಿದು ಕೂರುತ್ತಿತ್ತು. ಇವನೋ ಉಬ್ಬರದ ನೀರಿನಲ್ಲಿ ಗೂಟವಾಗಿ ನಿಂತು ಬೆಳೆದವನು. ಪಂಪು ನಿಂತಿದೆ ಎಂದರೆ ಫೋಟೋ ಇನ್ನೂ ನಡೆಯುತ್ತಿದೆ, ಅಷ್ಟೇ ಅವನ ತಿಳುವಳಿಕೆ.

"ಮಿತ್ತ್ ಬಲೆ! ಮಿತ್ತ್ ಬಲೆ!" ಮೇಲೆ ಬನ್ನಿ ಎಂದು ಅವಳು ತುಳುವಿನಲ್ಲಿ ಕಿರುಚಿದಳು. ದೇವರ ಹೆಸರು ಹಿಡಿದು ಕಿರುಚಿದಳು. ಅವನಿಗೆ ಕೇಳಿಸಿತ್ತು. ಕೇಳಿಸಿಯೇ ಅಲುಗಲಿಲ್ಲ. ಸ್ವಂತ ಹೆಂಡತಿ ಕರೆದರೂ ಅಲುಗಬಾರದಲ್ಲ, ಆ ಪುಣ್ಯಾತ್ಮ! ನೀರು ಎದೆಗೆ ಬಂತು.

ಬಾವಿಯೊಳಗಿನ ಗಂಡನ ಮುಖಕ್ಕೆ ಆ ಮಾತು ಹೇಳಬೇಕು. ಹೇಳದಿದ್ದರೆ ಅವನು ಉಳಿಯುವುದಿಲ್ಲ, ಹೇಳಿದರೆ ತನ್ನ ಬಾಯಿಂದಲೇ ಅವನನ್ನು ಮುಗಿಸಿದ ಹಾಗೆ. "ನಾಲಗೆ ಕಲ್ಲಾಗಿತ್ತು ನೆಲ್ಲಿ ಬಾಯಿ, ನನ್ನ ನಾಲಗೆಯನ್ನು ನಾನೇ ಎತ್ತಿ ಎಸೆದ ಹಾಗೆ ಹೇಳಿದ್ದು" ಎನ್ನುತ್ತಿದ್ದಳು.

"ಆಯ್ತು!" ಎಂದು ಕೂಗಿದಳು. "ಆಯ್ತು! ಆಯ್ತು!"

ಬೂಬಣ್ಣನ ಭುಜ ಇಳಿಯಿತು. ಒಂದು ಉಸಿರು ಬಿಟ್ಟ. ಆಮೇಲೆ ಕಾಲು ಎತ್ತಲು ನೋಡಿದ, ಬರಲಿಲ್ಲ. ಆಗ ಅವನ ಮುಖದಲ್ಲಿ ಹೆದರಿಕೆ ಕಂಡಿತು. ಅಂಥ ಮುಖವನ್ನು ಅವಳು ಹಿಂದೆ ನೋಡಿರಲಿಲ್ಲ. ಅವಳ ಕೂಗಿಗೆ ಕೊನೆಗೂ ಜನ ತಿರುಗಿದರು. ಹಗ್ಗ ಇಳಿಸಿದರು, ಪಂಪು ಬಡಿಯಿತು, ನಾಲ್ಕಾರು ಮಂದಿ ಎಳೆದರು. ಪಂಚೆಯನ್ನು ಬಾವಿಗೆ ಬಿಟ್ಟು, ಮೊಣಕಾಲಿನ ಚರ್ಮ ಸುಲಿದುಕೊಂಡು, ಬೂಬಣ್ಣ ಮೇಲೆ ಬಂದ. ಬಂದವನು ಮೊದಲು ಕೇಳಿದ್ದು, "ಫೋಟೋ ಸರಿ ಬಂತಾ?"

ಬಂದಿರಲಿಲ್ಲ. ತೊಳೆದಾಗ ಪ್ಲೇಟು ಪೂರ್ತಿ ಕಪ್ಪು. ದೊರೆಗೆ ಇನ್ನೊಮ್ಮೆ ತೆಗೆಸಬೇಕಿತ್ತು, ಬೂಬಣ್ಣ ಇನ್ನೊಮ್ಮೆ ಇಳಿಯಲು ತಯಾರಾಗಿಯೂ ಬಿಟ್ಟ. ಈ ಗಂಡಸರಿಗೆ ಬುದ್ಧಿ ಬರುವುದು ಯಾವಾಗಲೋ. ಸುಂದರಿಯಕ್ಕ ಮತ್ತೆ ನಮ್ಮ ಮನೆಗೆ ಬಂದಳು. ಈ ಸಲ ಚೌಕಟ್ಟು ಹಿಡಿಯಲಿಲ್ಲ, ಒಳಗೇ ಬಂದಳು.

"ನಿಮ್ಮ ಒಂದು ಬಾಯಿಯನ್ನು ನಂಬಿ ಇನ್ನು ಕಳಿಸುವುದಿಲ್ಲ ಪೊರ್ಬುಲೆ. ಇನ್ನೊಂದು ಬಾಯಿ ಬೇಕು."

ಮುಖಕ್ಕೆ ಬಟ್ಟೆ ಸುತ್ತಿಕೊಂಡು ಮಲಗಿದ್ದ ಪಪ್ಪ ನಗಲಿಲ್ಲ. ನನ್ನ ಕಡೆ ಕೈ ತೋರಿಸಿದರು. ಹಾಗೆ ಆ ಇನ್ನೊಂದು ಬಾಯಿ ನಾನಾದೆ. ಮುಂದೆ ಎಷ್ಟೋ ವರ್ಷ, ಬಿಕರ್ನಕಟ್ಟೆಯ ಕಡೆಯ ಟಾಂಕಿಯಿಂದ ಹಿಡಿದು ಹೊಳೆಗಳ ಕಂಬಗಳವರೆಗೆ, ನಾನು ಪಪ್ಪನ ಹಿಂದೆ ನಿಂತು ಆ ಮಾತು ಹೇಳಿದ್ದೇನೆ. ಪಪ್ಪ ತೀರಿಕೊಂಡ ಮೇಲೆ ಕೆಮರಾ ನನ್ನ ಕೈಗೆ ಬಂತು, ಬೂಬಣ್ಣನೂ ಅದರ ಜೊತೆಗೇ ಬಂದ. ಸುಂದರಿಯಕ್ಕ ಮಾತ್ರ ಆ ಮಾತನ್ನು ಮತ್ತೆ ಬಾಯಿಗೆ ತರಲಿಲ್ಲ. ಒಮ್ಮೆ ಹೇಳಿ ಉಳಿಸಿದ್ದೇನೆ, ಎರಡನೆಯ ಸಲ ಹೇಳಿದರೆ ಉಳಿಯುವುದಿಲ್ಲ ಎಂದು ಅವಳಿಗೆ ಅದೊಂದು ಭಯ ಅಂಟಿಕೊಂಡಿತ್ತು. ಗಂಡ ಊಟಕ್ಕೆ ಕೂತು ಗೊಂಬೆಯಾಟ ಆಡಿದರೆ ಈಗ ಸೌಟು ಎತ್ತುತ್ತಿರಲಿಲ್ಲ, ಅಳುತ್ತಿದ್ದಳು. ಅವನೂ ಆಟ ಬಿಟ್ಟ.

ಎರಡನೆಯ ಯುದ್ಧದ ಕಾಲದಲ್ಲಿ ಬೂಬಣ್ಣನಿಗೆ ಶ್ವಾಸಕೋಶದ ಕಾಯಿಲೆ ಹಿಡಿಯಿತು. ಡಾಕ್ಟರು ಕೈ ಬಿಟ್ಟರು. ನಾನು ನೋಡಲು ಹೋದಾಗ ಅವನು ಚಾಪೆಯ ಮೇಲೆ ಅಂಗಾತ ಮಲಗಿದ್ದ. ಮಾತು ನಿಂತು ಎಷ್ಟೋ ದಿನವಾಗಿತ್ತು. ಬೆಳಕಿಗೆಂದು ಹೆಂಚಿನ ನಡುವೆ ಒಂದು ಗಾಜಿನ ಹೆಂಚು ಹಾಕಿರುತ್ತಾರಲ್ಲ, ಅವನ ಕಣ್ಣು ಅದರ ಮೇಲೇ ನೆಟ್ಟಿತ್ತು. ಭುಜ ಬಿಗಿಯಾಗಿ ಮೇಲೆದ್ದಿತ್ತು. ಉಸಿರು ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣಗೆ ಆಡುತ್ತಿತ್ತು, ಆ ಪ್ರತಿಯೊಂದು ಉಸಿರಿಗೂ ಅವನ ಹಣೆ ನೋವಿನಿಂದ ಗಂಟಾಗುತ್ತಿತ್ತು. ಕೆಮರಾದ ಎದುರು ನಿಂತ ಹಾಗೆಯೇ ಅವನು ಮಲಗಿದ್ದಾನೆಂದು ನನಗೆ ಕೂಡಲೇ ತಿಳಿಯಿತು. ಅವಳಿಗೂ ತಿಳಿದಿತ್ತು. ಬಾಗಿಲ ಹತ್ತಿರ ಸೆರಗು ಕಚ್ಚಿ ಕೂತಿದ್ದಳು.

"ನೆಲ್ಲಿ ಬಾಯಿ, ನೀವೇ ಹೇಳಿಬಿಡಿ. ನನ್ನಿಂದ ಆಗುವುದಿಲ್ಲ. ನನಗೆ ಹೆದರಿಕೆ."

ನಾನು ಅವನ ಹತ್ತಿರ ಬಗ್ಗಿದೆ. ಜೀವಮಾನವಿಡೀ ಬಿಸಿಲಿನಲ್ಲಿ ನಿಂತು ಸಲೀಸಾಗಿ ಹೇಳಿದ ಮಾತು ಅದು. "ಆಯ್ತು ಬೂಬಣ್ಣ" ಎಂದೆ. ಅವನು ಅಲುಗಲಿಲ್ಲ. ಇನ್ನೊಮ್ಮೆ ಎಂದೆ. ಕಣ್ಣು ಗಾಜಿನ ಹೆಂಚನ್ನು ಬಿಡಲಿಲ್ಲ.

ಸುಂದರಿಯಕ್ಕ ಅದನ್ನು ನೋಡಿದಳು. ಆಮೇಲೆ ಎದ್ದು, ಗೋಡೆಗೆ ಕೈ ಊರುತ್ತಾ ಬಂದು, ಅವನ ಪಕ್ಕದಲ್ಲಿ ಹೊಟ್ಟೆಯ ಮೇಲೆ ಮಲಗಿದಳು. ಅಂದು ಬಾವಿಯ ಅಂಚಿನಲ್ಲಿ ಮಲಗಿದ ಹಾಗೆಯೇ. ಬಾಯಿಯನ್ನು ಅವನ ಕಿವಿಗೆ ಇಟ್ಟಳು.

ಅವಳು ಹೇಳಿದ್ದು ನನಗೆ ಕೇಳಿಸಲಿಲ್ಲ. ಬೂಬಣ್ಣನ ಭುಜ ಮೆಲ್ಲಗೆ ಕೆಳಗೆ ಇಳಿಯಿತು.